ಏಳು ಗಂಟೆಗೆ ಮಾತ್ರ ಚೆಂದ ಕಾಣುವ ಜಮೀನು

ನಮ್ಮನೆಯವರಿಗೆ ನಿವೃತ್ತಿಯಾಗಿದೆ ಎಂಬ ಸುದ್ದಿಯನ್ನು ಯಾರಾದರೂ ಅವರಿಗೆ ಮುಟ್ಟಿಸಿದರೆ ನನಗೆ ದೊಡ್ಡ ಉಪಕಾರವಾಗುತ್ತದೆ. ನಾನು ಹೇಳಿ ಹೇಳಿ ಸೋತಿದ್ದೇನೆ. ಹಾರ ಹಾಕಿದ್ದಾರೆ, ಶಾಲು ಹೊದೆಸಿದ್ದಾರೆ, ಭಾಷಣ ಮಾಡಿದ್ದಾರೆ, ಮನೆಯವರೆಗೂ ಬಂದು ಬಿಟ್ಟು ಹೋಗಿದ್ದಾರೆ. ಆದರೂ ಈ ಮನುಷ್ಯ ಇವತ್ತಿಗೂ ಬಸ್ ಕಂಡಕ್ಟರೇ. ಬಸ್ಸೊಂದು ಇಲ್ಲ, ಅಷ್ಟೇ!

ಮನೆಗೆ ಬಂದ ನೆಂಟರು ಬಾಗಿಲಲ್ಲಿ ನಿಂತು ಸಮಾಧಾನವಾಗಿ ಚಪ್ಪಲಿ ಬಿಡುವಂತಿಲ್ಲ. "ಬಾಗಿಲಾಗ ನಿಲ್ಲಬ್ಯಾಡ್ರಿ, ಒಳಗ ನಡೀರಿ, ಒಳಗ ಜಾಗ ಐತಿ" ಎಂದು ಬೆನ್ನಿಗೆ ಕೈ ಹಚ್ಚಿಬಿಡುತ್ತಾರೆ. ನಾವಿರುವುದು ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹಿಂದಿನ ಒಂದು ಬಾಡಿಗೆ ಮನೆ. ಒಳಗೆ ಎಲ್ಲಿದೆ ಜಾಗ? ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ತಲೆ ಎಣಿಸಿದ ಮೇಲೆಯೇ ಅವರಿಗೆ ಅನ್ನ ಇಳಿಯುವುದು. ಪೇಪರು ಓದುವುದು ನಿಂತುಕೊಂಡು, ಅದೂ ಬಾಗಿಲ ಚೌಕಟ್ಟಿಗೆ ಸೊಂಟ ಆನಿಸಿಕೊಂಡು. ಮನೆ ಯಾವ ಗಳಿಗೆಯಲ್ಲಿ ತಿರುವಿಗೆ ವಾಲುತ್ತದೋ ಯಾರಿಗೆ ಗೊತ್ತು!

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಹಾಲ್ಟಿಂಗ್ ಬಸ್ಸು ಅಂದರೆ ನಿಮಗೆ ಗೊತ್ತಿರಬೇಕು. ಸಂಜೆಯ ಕೊನೆ ಟ್ರಿಪ್ಪಿಗೆ ಯಾವುದೋ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಬಸ್ಸು. ಬಸ್ಸು ತಂಗಿದರೆ ಡ್ರೈವರು, ಕಂಡಕ್ಟರು ಅದರ ಹೊಟ್ಟೆಯೊಳಗೇ ಸೀಟಿನ ಮೇಲೆ ಮುದುಡಿ ಮಲಗಬೇಕು. ನಮ್ಮವರ ಸರ್ವಿಸ್ಸಿನ ಮುಕ್ಕಾಲು ಪಾಲು ಸೊರಬ ತಾಲ್ಲೂಕಿನಲ್ಲಿ, ಉಳವಿಯ ಆಚೆಯ ಒಂದು ಹಳ್ಳಿಯ ಹಾಲ್ಟಿಂಗಿನಲ್ಲೇ ಕಳೆಯಿತು. ಉಳಿದವರು ಅವರಿವರ ಕೈಕಾಲು ಹಿಡಿದು ಹಗಲಿನ ರೂಟು ಹಾಕಿಸಿಕೊಂಡರು. ಇವರು ಬಾಯಿ ಬಿಡಲಿಲ್ಲ. ಯಾರಾದರೂ ಹೋಗಲೇಬೇಕಲ್ಲ ಎನ್ನುವುದು ಇವರ ವಾದ. ಒಟ್ಟಿನಲ್ಲಿ ನನಗೊಬ್ಬಳು ಸವತಿ ಇದ್ದಳು, ಅವಳಿಗೆ ಆರು ಚಕ್ರ! ಮಗಳು ಹುಟ್ಟಿದಳು, ಬೆಳೆದಳು, ರಾಣೇಬೆನ್ನೂರಿಗೆ ಮದುವೆಯಾಗಿ ಹೋದಳು. ಇದೆಲ್ಲ ಇವರು ಡ್ಯೂಟಿಗೆ ಹೋಗಿ ಬರುವ ಮಧ್ಯದಲ್ಲಿ ನಡೆದುಹೋಯಿತು.

ಹಾಗಾಗಿ ನಿವೃತ್ತಿಯ ಮೇಲೆ ನನಗೆ ಬಹಳ ಆಸೆ ಇತ್ತು ಎಂದುಕೊಂಡಿದ್ದರೆ ಅದು ನಿಮ್ಮ ತಪ್ಪು. ನನಗಿದ್ದದ್ದು ದಣಿವು. ಸಂಜೆಗೆ ಬುತ್ತಿ ಕಟ್ಟುವ ಕೆಲಸ ತಪ್ಪಿತಲ್ಲ, ಇನ್ನು ಮಧ್ಯಾಹ್ನ ಒಂದು ನಿದ್ದೆ ಮಾಡೋಣ ಎಂದು ಚಾಪೆ ಹಾಸಿಕೊಂಡಿದ್ದೆ. ಅಷ್ಟರಲ್ಲಿ ಇವರು ಬಾಗಿಲಲ್ಲಿ ನಿಂತು, ಉಳವಿ ಹತ್ತಿರ ಒಂದು ಜಮೀನು ನೋಡಿದ್ದೇನೆ, ಅದರಲ್ಲೊಂದು ಹೆಂಚಿನ ಮನೆಯೂ ಇದೆ, ರಿಪೇರಿ ಮಾಡಿಸಿ ಅಲ್ಲೇ ಇರೋಣ ಎಂದು ಘೋಷಿಸಿದರು. ಯಾವಾಗ ನೋಡಿದಿರಿ ಅಂದೆ. ದಿನಾ ನೋಡ್ತಿದ್ನಲ್ಲ ಅಂದರು. ಎಲ್ಲಿಂದ ಅಂದೆ. ಬಸ್ಸಿನಿಂದ!

ಲೋಕದ ಜನ ಜಮೀನು ಕೊಳ್ಳುವಾಗ ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡುತ್ತಾರೆ, ಬಾವಿಗೆ ಕಲ್ಲು ಹಾಕಿ ನೋಡುತ್ತಾರೆ, ಅಕ್ಕಪಕ್ಕದವರ ಗುಣ ಎಂಥದ್ದು ಎಂದು ಅಂಗಡಿಯಲ್ಲಿ ಕೂತು ವಿಚಾರಿಸುತ್ತಾರೆ. ನಮ್ಮವರು ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ನೋಡಿದರು. ಪಹಣಿ, ಖಾತೆ, ಕ್ರಯಪತ್ರ ಎಲ್ಲ ಚೊಕ್ಕವಾಗಿಯೇ ಇತ್ತು, ಆ ವಿಷಯದಲ್ಲಿ ಬಹಳ ಹುಷಾರು. ಒಂದು ತಿಂಗಳೊಳಗೆ ಜಮೀನು ನಮ್ಮದಾಯಿತು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು.

ನಾವು ಅಲ್ಲಿ ಮುಟ್ಟಿದಾಗ ಮಧ್ಯಾಹ್ನ. ತುಂಡು ಗದ್ದೆ ಒಣಗಿ ಬಾಯಿ ಬಿಟ್ಟಿತ್ತು. ಮೇಲಿನ ಖುಷ್ಕಿಯಲ್ಲಿ ಯಾರೋ ಹಿಂದೊಮ್ಮೆ ಹಾಕಿ ಬಿಟ್ಟ ಅನಾನಸ್ಸಿನ ಮುಳ್ಳು. ನೆರಳು ಅನ್ನುವುದು ಮನೆಯ ಹಿಂದೆ ಒಂದು ಕೋಳಿ ಕೂರುವಷ್ಟು ಇತ್ತು, ಅದರಲ್ಲಿ ಕೋಳಿಯೇ ಕೂತಿತ್ತು. ಮನೆಯ ಹೆಂಚಿನ ಮೇಲೆ ಮಂಗಗಳ ಒಂದು ಸಂಸಾರ ಕಾಲು ಚಾಚಿಕೊಂಡು, ಯಾರಿವರು ಎನ್ನುವಂತೆ ನಮ್ಮನ್ನು ನೋಡಿತು. ಹೆಂಚುಗಳಲ್ಲಿ ಅರ್ಧಕ್ಕರ್ಧ ಒಡೆದು ಒಳಗೆ ಆಕಾಶ ಕಾಣುತ್ತಿತ್ತು.

"ಇದೇನ್ರೀ ಇದು?" ಎಂದೆ.

"ನೀನು ರಾಂಗ್ ಟೈಮಿಗೆ ಬಂದೀ. ಇದನ್ನ ಬೆಳಿಗ್ಗೆ ಏಳಕ್ಕ ನೋಡಬೇಕು."

"ಉಳಿದ ಇಪ್ಪತ್ಮೂರು ತಾಸು ಏನು ಮಾಡೋದು?"

ಹಾಲ್ಟಿಂಗ್ ಬಸ್ಸು ಬೆಳಿಗ್ಗೆ ಆ ರಸ್ತೆಯಲ್ಲಿ ಹಾದುಹೋಗುತ್ತಿದ್ದದ್ದು ಏಳು ಗಂಟೆಗೆ. ಸಂಜೆಯ ಟ್ರಿಪ್ಪು ಅಲ್ಲಿ ಮುಟ್ಟುವಷ್ಟರಲ್ಲಿ ಕತ್ತಲು. ಹೀಗಾಗಿ ಆ ಜಮೀನಿಗೆ ಮಧ್ಯಾಹ್ನ, ಮೂರು ಸಂಜೆ ಎಂಬುದೆಲ್ಲ ಉಂಟು ಎನ್ನುವುದೇ ನಮ್ಮವರಿಗೆ ಗೊತ್ತಿರಲಿಲ್ಲ!

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಭಾನುವಾರದ ಯಾತ್ರೆ. ಶಿಕಾರಿಪುರದಲ್ಲಿ ಹತ್ತಿ, ಬಳ್ಳಿಗಾವಿ ಕ್ರಾಸು, ಶಿರಾಳಕೊಪ್ಪ ದಾಟಿ, ಸೊರಬದಲ್ಲಿ ಇಳಿದು, ಉಳವಿ ಕಡೆಯ ಬಸ್ಸು ಹಿಡಿಯಬೇಕು. ಸುಣ್ಣ, ಮೊಳೆ, ತಂತಿ, ಬುತ್ತಿ, ನನ್ನ ಮೊಣಕಾಲಿನ ಎಣ್ಣೆ, ಎಲ್ಲ ಸೇರಿ ಎರಡು ಚೀಲ. ನಾನು ಕಿಟಕಿ ಪಕ್ಕ ಚೀಲಗಳ ಮಧ್ಯೆ. ಇವರು? ಇಡೀ ಬಸ್ಸು ಖಾಲಿ ಇದ್ದರೂ ಬಾಗಿಲ ಕಂಬ ಹಿಡಿದು ನಿಂತಿರಬೇಕು. ಆ ಬಸ್ಸಿನ ಕಂಡಕ್ಟರು ಪಾಪ ಒಳ್ಳೆಯವನು, ಕೂತ್ಕೊಳ್ಳಿ ಸಾರ್ ಅಂತ ಪ್ರತಿ ವಾರವೂ ಹೇಳುತ್ತಾನೆ. ಇವರು ಅವನನ್ನೇ ಕೂರಿಸಿ ತಾವು ಜನ ಹತ್ತಿಸುತ್ತಾರೆ. ಹೆಂಗಸರಿಗೆ ಟಿಕೆಟ್ ಫ್ರೀ ಅಲ್ಲವೇ, ಆಧಾರ್ ಕಾರ್ಡು ತೋರಿಸಬೇಕು. ಒಂದು ದಿನ ಎಲ್ಲರದ್ದೂ ನೋಡುತ್ತ ನೋಡುತ್ತ ನನ್ನ ಸೀಟಿಗೂ ಬಂದು ಕೈ ಚಾಚಿದರು. ಕೊಟ್ಟೆ. ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೊಮ್ಮೆ ಫೋಟೋ ನೋಡಿ ಅನುಮಾನದಿಂದಲೇ ವಾಪಸು ಕೊಟ್ಟರು! ಪಕ್ಕದ ಹೆಂಗಸು, ಬಹಳ ಸ್ಟ್ರಿಕ್ಟು ಅನ್ಸುತ್ತೆ ಈ ಯಪ್ಪ ಎಂದಳು. ಹೌದು ಅಂತಾರೆ ಎಂದೆ. ನನ್ನ ಗಂಡ ಅಂತ ಹೇಳಿಕೊಳ್ಳುವ ಧೈರ್ಯ ಆ ದಿನ ಬರಲಿಲ್ಲ.

ಇನ್ನೊಂದು ಭಾನುವಾರ ಬಸ್ಸು ತುಂಬಿತ್ತು, ಯಾರದ್ದೋ ಮದುವೆಯ ದಿಬ್ಬಣ. ಇವರಿಗೆ ಹಬ್ಬ. ಯಾವ ಮುದುಕ ಎಲ್ಲಿ ಇಳಿಯಬೇಕು, ಯಾರ ಗಂಟು ಯಾವ ಸೀಟಿನ ಕೆಳಗಿದೆ, ಎಲ್ಲ ಇವರ ತಲೆಯಲ್ಲಿ. ಒಬ್ಬೊಬ್ಬರನ್ನೂ ಅವರವರ ಊರಿನಲ್ಲಿ ಕೈ ಹಿಡಿದು ಇಳಿಸಿದರು. ಒಂದು ಮಗುವಿಗೆ ಚಪ್ಪಲಿ ಹಾಕಿಸಿದರು. ಕೊನೆಗೆ ಬಸ್ಸಿನಲ್ಲಿ ಉಳಿದವರು ನಾನು, ಅವರು, ಎರಡು ಚೀಲ. ನಮ್ಮ ಜಮೀನು ಹಿಂದೆ ಹೋಗಿ ಎಷ್ಟೋ ಹೊತ್ತಾಗಿತ್ತು! ಆ ಬಿಸಿಲಿನಲ್ಲಿ ಸುಣ್ಣದ ಚೀಲ ಹೊತ್ತು ವಾಪಸು ನಡೆದೆವು. ನಾನು ಹೆಜ್ಜೆಗೊಮ್ಮೆ ಚೀಲ ಇಳಿಸುತ್ತ ಹಿಂದೆ ಉಳಿದೆ. ಅವರು ಮಾತ್ರ, ಎಲ್ಲರನ್ನೂ ಸರಿಯಾಗಿ ಇಳಿಸಿದೆ ಎಂಬ ತೃಪ್ತಿಯಲ್ಲಿ ಮುಂದೆ ಮುಂದೆ ನಡೆಯುತ್ತಿದ್ದರು.

ರಿಪೇರಿಯ ಕಥೆ ಬೇರೆಯೇ ಇದೆ. ಉಳವಿಯ ಗಾರೆ ಮೇಸ್ತ್ರಿ ಬಂದು ಮನೆಯನ್ನು ಒಂದು ಸುತ್ತು ನೋಡಿ, ಮೊದಲು ಹೆಂಚಿನ ಮಾಡು ಸರಿ ಮಾಡಬೇಕು ಎಂದ. ಯಾರಿಗೂ ಒಪ್ಪಿಗೆಯಾಗುವ ಮಾತು. ಮುಂದಿನ ವಾರ ನಾವು ಹೋದಾಗ ಅಂಗಳದಲ್ಲಿ ಒಂದು ಗೂಡ್ಸ್ ಆಟೋ ನಿಂತಿತ್ತು. ಹೆಂಚು ಬಂತು ಎಂದುಕೊಂಡೆ. ಇಳಿದದ್ದು ಗುಜರಿಯಿಂದ ತಂದ ಹಳೇ ಬಸ್ಸಿನ ಸೀಟುಗಳು! ಇಬ್ಬರು ಕೂರುವಂಥವು ಎರಡು, ಮೂವರು ಕೂರುವಂಥದ್ದು ಒಂದು. ಒಂದರ ಬೆನ್ನಿಗೆ ಯಾರೋ ಪ್ರೇಮಿಗಳು ಬಾಣ ಬಿಟ್ಟ ಹೃದಯ ಕೆತ್ತಿದ್ದರು. ಮಾಡಿಲ್ಲದ ಮನೆಗೆ ಸೀಟು ಯಾಕೆ ಎಂದು ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಮಂಗಗಳ ಮುಖ ನೋಡಿದೆ.

ಆಮೇಲೆ ಬೆಲ್ಲು. ಹಿಂದಿನ ಕಾಲದ ಬಸ್ಸುಗಳಲ್ಲಿ ಉದ್ದಕ್ಕೂ ಹಗ್ಗ ಕಟ್ಟಿ ಡ್ರೈವರ್ ತಲೆಯ ಹತ್ತಿರ ಗಂಟೆ ಇರುತ್ತಿತ್ತಲ್ಲ, ಅಂಥದ್ದೊಂದನ್ನು ಅಡುಗೆಮನೆಯಿಂದ ಗದ್ದೆಯ ಬದುವಿನವರೆಗೆ ಎಳೆಸಿದರು. ಒಮ್ಮೆ ಎಳೆದರೆ ಕೆಲಸ ನಿಲ್ಲಿಸು, ಎರಡು ಸಲ ಎಳೆದರೆ ಮುಂದುವರಿಸು. ಊಟಕ್ಕೆ ಕರೆಯಲು ನಾನು ಕೂಗಿ ಗಂಟಲು ನೋಯಿಸಿಕೊಳ್ಳಬಾರದಂತೆ. ಎಂಥ ಕಾಳಜಿ! ಎರಡೇ ದಿನದಲ್ಲಿ ಮಂಗಗಳು ಆ ಹಗ್ಗದ ಉಪಯೋಗವನ್ನು ನಮಗಿಂತ ಚೆನ್ನಾಗಿ ಕಲಿತವು. ಒಂದು ಮರಿ ಜೋತುಬಿದ್ದರೆ ಒಂದು ಬೆಲ್ಲು, ಅದರ ತಾಯಿ ಬಂದರೆ ಎರಡು. ಹೆಂಚು ಹೊದೆಸುವ ಆಳುಗಳು ಒಂದಕ್ಕೆ ಕೆಳಗಿಳಿದು ಕೈ ತೊಳೆದು ತಾಟಿನ ಮುಂದೆ ಕೂರುವುದು, ಎರಡಕ್ಕೆ ಮತ್ತೆ ಮೇಲೆ ಹತ್ತುವುದು. ಆ ದಿನ ಅವರು ಹೊದೆಸಿದ ಹೆಂಚಿಗಿಂತ ಕೈ ತೊಳೆದ ನೀರೇ ಹೆಚ್ಚು! ಮೇಸ್ತ್ರಿ ನನ್ನ ಹತ್ತಿರ ಬಂದು, "ಅಮ್ಮಾ, ನೀವಾದ್ರೂ ಸ್ವಲ್ಪ ಹೇಳಿ" ಎಂದ. ಹೇಳಿ ಫಲ ಕಂಡವಳ ಹಾಗೆ ಕಾಣುತ್ತಿದ್ದೆನೋ ಏನೋ ಅವನ ಕಣ್ಣಿಗೆ.

ಹೀಗೆ ಒಂದು ಮಳೆಗಾಲ ಹೋಯಿತು, ಇನ್ನೊಂದು ಮಳೆಗಾಲ ಹೋಯಿತು. ಅರ್ಧ ಮಾಡು ಆಯಿತು, ಬಚ್ಚಲಿಗೆ ಬಾಗಿಲಿಲ್ಲ, ಬಾವಿಯ ಪಂಪು ಮೂಡು ಬಂದಾಗ ನೀರು ಎತ್ತುತ್ತದೆ. ಇಷ್ಟರಲ್ಲಿ ಶಿಕಾರಿಪುರದ ಮನೆಯ ಓನರು, ತಮ್ಮ ಮಗನಿಗೆ ಮದುವೆ, ಯುಗಾದಿಯ ಹೊತ್ತಿಗೆ ಮನೆ ಬಿಟ್ಟುಕೊಡಿ ಎಂದು ಮರ್ಯಾದೆಯಿಂದಲೇ ಹೇಳಿದರು. ಅದೇ ವಾರ ನನ್ನ ತಂಗಿ, ಅವಳೂ ಶಿಕಾರಿಪುರದಲ್ಲೇ ಇರುವುದು, ತಮ್ಮ ಬೀದಿಯಲ್ಲಿ ಎರಡು ಕೋಣೆಯ ಮನೆಯೊಂದು ಖಾಲಿಯಿದೆ, ಮೆಟ್ಟಿಲಿಲ್ಲ, ನಲ್ಲಿ ಇದೆ, ಪಕ್ಕದಲ್ಲೇ ಡಾಕ್ಟರು ಎಂದಳು. ಮೆಟ್ಟಿಲಿಲ್ಲ ಎಂಬ ಒಂದು ಮಾತು ಕೇಳಿ ನನ್ನ ಎರಡೂ ಮೊಣಕಾಲು ತವರುಮನೆಯಿಂದ ಕರೆ ಬಂದ ಹಾಗೆ ಎದ್ದು ಕೂತವು.

ಆ ಸಂಜೆ ನಾನು ತೀರ್ಮಾನ ಹೇಳಿಬಿಟ್ಟೆ. ಜಗಳವಾಡಲಿಲ್ಲ, ಜಗಳಕ್ಕೂ ಶಕ್ತಿ ಬೇಕಲ್ಲ. "ನೀವು ಜಮೀನಿಗೆ ಹೋಗಿ ಇರ್ರಿ. ನಾನು ತಂಗಿ ಹತ್ರ ಇರ್ತೀನಿ. ವಾರಕ್ಕೊಮ್ಮೆ ಬಂದ್ರೆ ಸಾಕು. ನಮಗೇನು ಇದು ಹೊಸದಲ್ಲ" ಎಂದೆ.

ಇವರು ಬಾಗಿಲಲ್ಲೇ ನಿಂತಿದ್ದರು. ಏನಾದರೊಂದು ಹೇಳುತ್ತಾರೆ ಎಂದು ಕಾದೆ. ಇಡೀ ತಾಲ್ಲೂಕಿನ ಜನರೊಂದಿಗೆ ಬಾಯಿ ನೋಯುವಷ್ಟು ಮಾತಾಡುವ ಮನುಷ್ಯ, "ಹೂಂ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಿಜ ಹೇಳುತ್ತೇನೆ, ಬೇಡ ಅನ್ನುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅನ್ನಲಿಲ್ಲ. ಅದು ನನಗೆ ಮೊಣಕಾಲಿಗಿಂತ ಹೆಚ್ಚು ನೋಯಿತು. ಹೋಗಲಿ, ಅವರಿಗೆ ಬೇಕಾದದ್ದು ಜಮೀನೇ ತಾನೇ ಎಂದುಕೊಂಡೆ. ಮುಂದಿನ ಭಾನುವಾರ ಇದೇ ಕೊನೆಯ ಸಲ, ಅಲ್ಲಿರುವ ನನ್ನ ಪಾತ್ರೆ ಪಗಡೆ ತಂದರಾಯಿತು ಎಂದು ಅವರ ಜೊತೆ ಹೊರಟೆ.

ಇವರು ಏಣಿ ಹಾಕಿ ಮಾಡು ಹತ್ತಿದ್ದರು. ನಾನು ಜಗಲಿಯ ಮೇಲೆ ಪಾತ್ರೆ ಹರವಿಕೊಂಡು, ತಗೊಂಡು ಹೋಗುವುದು, ಬಿಟ್ಟು ಹೋಗುವುದು ಎಂದು ಬೇರೆ ಮಾಡುತ್ತಿದ್ದೆ. ಆಗ ರಸ್ತೆ ಕಡೆಯಿಂದ ಒಬ್ಬ ವಯಸ್ಸಾದ ಹೆಂಗಸು ಕೋಲೂರಿಕೊಂಡು ನಿಧಾನವಾಗಿ ಬಂದರು. ನಮಗೆ ಈ ಜಮೀನು ಮಾರಿದವರು ಅವರೇ. ಗಂಡ ತೀರಿಕೊಂಡ ಮೇಲೆ ಅಂಜನಾಪುರದಲ್ಲಿ ಮಗಳ ಮನೆ ಸೇರಿದ್ದರು. ಉಳವಿಯಲ್ಲಿ ನೆಂಟರ ಮನೆಯ ಸೀಮಂತಕ್ಕೆ ಬಂದವರು, ತಮ್ಮ ಹಳೇ ಮನೆ ಹೇಗಾಗಿದೆ ಎಂದು ನೋಡಿಹೋಗಲು ಬಂದಿದ್ದರು. ಬಸ್ಸಿನ ಸೀಟಿನ ಮೇಲೆ ಕೂತು, ಸ್ಪ್ರಿಂಗ್ ಏರಿಳಿದದ್ದಕ್ಕೆ ಮಗುವಿನ ಹಾಗೆ ನಕ್ಕರು. ಏನು ತಂಗೀ, ಯಾವಾಗ ಬಂದು ಇರೋದು ಎಂದು ಕೇಳಿದರು. ನಾನು ಬರೋದಿಲ್ಲ ಎಂದೆ. ಬಿಸಿಲು, ನೀರು, ಮಂಗ, ಎಲ್ಲ ಒಂದೊಂದಾಗಿ ಹೇಳಿದೆ. ಇದರಲ್ಲಿ ಅದೇನು ಕಂಡು ಇವರು ಕೊಂಡರೋ ನನಗಂತೂ ತಿಳಿಯದು ಎಂದೂ ಅಂದೆ.

ಆ ಹಿರಿಯಮ್ಮ ಕೋಲನ್ನು ಪಕ್ಕಕ್ಕಿಟ್ಟರು.

"ನಿಂಗೆ ಹೇಳಿಲ್ವಾ ಅವರು?" ಎಂದರು. "ನಾನೂ ನಮ್ಮನೆಯವರೂ ಬೆಳಿಗ್ಗೆ ಗದ್ದೆಗೆ ಇಳಿಯೋಕೆ ಮುಂಚೆ ಇದೇ ಜಗಲಿ ಮೇಲೆ ಕೂತು ಟೀ ಕುಡೀತಿದ್ವಿ. ಅದೇ ಹೊತ್ತಿಗೆ ಬಸ್ಸು. ಇವರು ಬಾಗಿಲಲ್ಲಿ ನಿಂತು ಕೈ ಎತ್ತೋರು. ಒಂದಿನ ಬಸ್ಸು ಇಲ್ಲೇ ಕೆಟ್ಟು ನಿಂತಿತ್ತು. ನೀರು ಕೇಳೋಕೆ ಬಂದ್ರು, ನಾನು ಟೀ ಕೊಟ್ಟೆ. ಕುಡೀತಾ ನಮ್ಮಿಬ್ಬರನ್ನೇ ನೋಡ್ತಾ ಇದ್ದು, 'ಈಗ ನಮ್ಮನೆಯವಳು ಒಬ್ಬಳೇ ಟೀ ಕುಡೀತಿರ್ತಾಳೆ ನೋಡಮ್ಮ' ಅಂದ್ರು. ಆವತ್ತಿಂದ ಅದೇನೋ, ಇದನ್ನ ಮಾರೋದಾದ್ರೆ ನಂಗೇ ಹೇಳಿ ಅಂತ ಇದ್ರು."

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

"ಮಾರುವಾಗ ನಾನೇ ಎಲ್ಲ ಹೇಳಿದೀನಿ ತಂಗಿ. ಬೇಸಿಗೇಲಿ ನೀರು ಸಾಲಲ್ಲ, ಮಂಗ ಒಂದನ್ನೂ ಉಳಿಸಲ್ಲ, ಇಲ್ಲಿ ಏನೂ ಬೆಳೆಯೋಕಾಗಲ್ಲ ಅಂತ. 'ನಂಗೆ ಬೆಳೆಯೋಕಲ್ಲಮ್ಮ, ಕೂರೋಕೆ' ಅಂದ್ರು."

ಹಿರಿಯಮ್ಮ ಹೋದ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ಸಿಟ್ಟು ಬಾರದೆ ಏನು! ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ ಈ ಮಾತನ್ನು ನನ್ನ ಹತ್ತಿರ ಆಡಬಾರದಿತ್ತೇ? ಊರಿನವರಿಗೆಲ್ಲ ಒಳಗೆ ಬನ್ನಿ, ಜಾಗ ಇದೆ ಎನ್ನುವವರಿಗೆ ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲವೇ? ದಿನವೂ ಬೆಳಿಗ್ಗೆ ಒಲೆಯ ಮುಂದೆ ಲೋಟ ಹಿಡಿದು ಕೂತು, ಈ ಮನುಷ್ಯನಿಗೆ ನನ್ನ ನೆನಪೇ ಇಲ್ಲ ಎಂದುಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ ಇವರು ಈ ರಸ್ತೆಯಲ್ಲಿ ಬೇರೆ ಯಾರದ್ದೋ ಜಗಲಿಯನ್ನು ನೋಡಿಕೊಂಡು ನನ್ನನ್ನು ನೆನೆಯುತ್ತಿದ್ದರಂತೆ. ಸೆರಗಿನಲ್ಲಿ ಎಷ್ಟು ಒರೆಸಿಕೊಂಡರೂ ಕಣ್ಣೀರು ನಿಲ್ಲಲಿಲ್ಲ.

ಇವರು ಏಣಿ ಇಳಿದು ಬಂದರು. ತಲೆಯೆಲ್ಲ ಹೆಂಚಿನ ಪುಡಿ. ಹರವಿದ್ದ ಪಾತ್ರೆ ಮತ್ತೆ ಗೂಡಿಗೆ ಸೇರಿದ್ದನ್ನು ನೋಡಿದರು, ನನ್ನ ಮುಖ ನೋಡಿದರು.

"ತಂಗಿಗೆ ಫೋನ್ ಮಾಡ್ತೀನಿ. ಆ ಮನೆ ಬ್ಯಾಡ ಅಂತ ಹೇಳಿಬಿಡ್ತೀನಿ" ಎಂದೆ.

ಅವರು ತಲೆಯ ಪುಡಿ ಕೊಡವಿಕೊಂಡರು. ಆಮೇಲೆ ಮೆಲ್ಲಗೆ, "ಮೊಣಕಾಲು?" ಎಂದರು.

"ಅದನ್ನೂ ಕರ್ಕೊಂಡು ಬರ್ತೀನಿ."

ಜಗಲಿಗೆ ಹತ್ತಲು ಮೇಸ್ತ್ರಿ ಹೋದ ವಾರವಷ್ಟೇ ಸಿಮೆಂಟಿನ ಮೆಟ್ಟಿಲೊಂದನ್ನು ಕಟ್ಟಿ ಮುಗಿಸಿದ್ದ. ಇವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಗೇಣು ಹಾಕಿ ನೋಡಿದರು. "ನಿನಗ ಇದು ಎತ್ತರ ಆಗ್ತತಿ" ಎಂದು ಒಳಗೆ ಹೋಗಿ ಹಾರೆ ತಂದರು. ಅಷ್ಟು ಕೆಲಸ ಹಿಡಿದ ಆ ಮನೆಯಲ್ಲಿ ಪೂರ್ತಿಯಾಗಿದ್ದದ್ದು ಅದೊಂದೇ ಮೆಟ್ಟಿಲು. ಅದನ್ನೂ ಒಡೆಯಲು ಶುರು ಮಾಡಿದರು. ನಾನು ಬೇಡ ಅನ್ನಲಿಲ್ಲ.